ಇಂಗ್ಲಿಷ್ ಪದ, ಊರಿನ ನಾಲಿಗೆ: ತೊಡಕು ಎಲ್ಲಿದೆ, ಎಲ್ಲಿಲ್ಲ

ಫ್ರಾನ್ಸ್ ಮೂಲದ ಕಾಲ್ ಸೆಂಟರ್ ಸಂಸ್ಥೆ ಟೆಲಿಪರ್ಫಾರ್ಮೆನ್ಸ್ 2025ರಲ್ಲಿ ಒಂದು ಕಾರಣಕ್ಕೆ ಸುದ್ದಿಯಾಯಿತು. ಭಾರತದಲ್ಲಿ ಕೂತು ಹೊರದೇಶದ ಗ್ರಾಹಕರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ತನ್ನ ನೌಕರರ ಉಚ್ಚಾರವನ್ನು, ಕರೆ ನಡೆಯುತ್ತಿರುವಾಗಲೇ ಮೆದುಗೊಳಿಸುವ ತಂತ್ರಾಂಶವನ್ನು ಅದು ಬಳಕೆಗೆ ತಂದಿತ್ತು. ತಂತ್ರಾಂಶ ಅಮೆರಿಕದ ಸನಾಸ್ ಕಂಪನಿಯದು. ಅದು ಮಾತನ್ನು ಚೂರುಚೂರಾಗಿ ತೆಗೆದುಕೊಳ್ಳುತ್ತದೆ, ಆ ಚೂರಿನಲ್ಲಿ ಯಾವ ಧ್ವನಿ ಇದೆಯೆಂದು ಗುರುತಿಸುತ್ತದೆ, ಅದನ್ನೇ ಬೇರೆ ಧಾಟಿಯಲ್ಲಿ ಮತ್ತೆ ಹುಟ್ಟಿಸಿ ಸೆಕೆಂಡಿನ ಸಣ್ಣ ಭಾಗದೊಳಗೆ ಆ ಕಡೆಗೆ ದಾಟಿಸುತ್ತದೆ. ಇಲ್ಲಿ ಮಾತಾಡಿದವರ ಕಂಠ ಅವರದೇ, ಅಲ್ಲಿ ಕೇಳಿಸುವ ಧಾಟಿ ಮಾತ್ರ ಬೇರೆಯವರದು.

ಇದು ನೌಕರರಿಗೆ ಅವಮಾನವೋ ಅನುಕೂಲವೋ ಎಂಬ ಜಗಳ ಸಾಕಷ್ಟು ನಡೆದಿದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಉಚ್ಚಾರದ ವ್ಯತ್ಯಾಸಗಳಲ್ಲಿ ಎರಡು ಬಗೆ. ಕೆಲವು, ಮಾತಾಡಿದವರ ಊರು ಯಾವುದೆಂದು ಹೇಳಿಬಿಡುತ್ತವೆ, ಅಷ್ಟೇ. ಇನ್ನು ಕೆಲವು, ಕೇಳಿದವರ ಕಿವಿಗೆ ಪದವೇ ಸಿಗದಂತೆ ಮಾಡುತ್ತವೆ. ಮೊದಲನೆಯವುಗಳ ಪಟ್ಟಿ ಉದ್ದ, ಎರಡನೆಯವುಗಳದು ತೀರಾ ಗಿಡ್ಡ. ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ದುಡ್ಡು ತೆಗೆದುಕೊಂಡು ತಿದ್ದುವುದು ಬಹುಪಾಲು ಉದ್ದದ ಪಟ್ಟಿಯನ್ನು. ಗಿಡ್ಡ ಪಟ್ಟಿ ಹಾಗೇ ಉಳಿದುಕೊಳ್ಳುತ್ತದೆ.

ಬಸ್ಸಿಗೆ ಎರಡು ಸ, ಕಾರಿಗೆ ಒಂದೇ ರ

ಬಸ್ಸು, ಪೆನ್ನು, ಬುಕ್ಕು, ಕಪ್ಪು. ಕಾರು, ರೋಡು, ಗೇಟು, ಬೋರು.

ಇಂಗ್ಲಿಷ್ ಬಾರದವರು ಸಿಕ್ಕಸಿಕ್ಕ ಕಡೆ ‘ಉ’ ಅಂಟಿಸುತ್ತಾರೆ ಎಂದು ನಗುವವರು ಈ ಎರಡು ಸಾಲನ್ನು ಇನ್ನೊಮ್ಮೆ ನೋಡಬೇಕು. ಮೊದಲ ಗುಂಪಿನಲ್ಲಿ ಸ್ವರ ಗಿಡ್ಡ, ಅದರ ಮುಂದಿನ ವ್ಯಂಜನ ಇಮ್ಮಡಿಯಾಗಿದೆ. ಎರಡನೆಯ ಗುಂಪಿನಲ್ಲಿ ಸ್ವರ ಉದ್ದ, ವ್ಯಂಜನ ಒಂಟಿಯಾಗಿಯೇ ನಿಂತಿದೆ. ‘ಬಸು’ ಎಂದಾಗಲಿ ‘ಕಾರ್ರು’ ಎಂದಾಗಲಿ ಯಾವ ಊರಿನಲ್ಲೂ ಹೇಳುವುದಿಲ್ಲ. ಹಳಗನ್ನಡದ ಕಣ್, ಕಲ್, ಪೊನ್ ಎಂಬ ಪದಗಳು ಹೊಸಗನ್ನಡಕ್ಕೆ ಬರುವಾಗ ಕಣ್ಣು, ಕಲ್ಲು, ಹೊನ್ನು ಆದವು. ಕಾಲ್, ಮೀನ್, ತೇರ್ ಎಂಬವು ಕಾಲು, ಮೀನು, ತೇರು ಆದವು. ಅಚ್ಚು ಒಂದೇ. ಪಂಪನ ಕಾಲದ ಪದಗಳ ಮೇಲೆ ಕೈಯಾಡಿಸಿದ ನಿಯಮವೇ ಇವತ್ತು ಸಿಟಿ ಬಸ್ಸಿನ ಮೇಲೂ ಕೈಯಾಡಿಸುತ್ತಿದೆ. ವ್ಯಾಕರಣ ಯಾರೂ ಕಲಿಸದೆ, ಒಂದು ಕಡೆಯೂ ಎಡವದೆ ಇದನ್ನು ಪಾಲಿಸುವವರನ್ನು ‘ಉಚ್ಚಾರ ಗೊತ್ತಿಲ್ಲದವರು’ ಎನ್ನುವುದು ಹೇಗೆ?

ಈ ಕೊನೆಯ ಸ್ವರ ಕೂಡ ಊರಿಂದೂರಿಗೆ ಬದಲಾಗುತ್ತದೆ. ಧಾರವಾಡ, ವಿಜಯಪುರದ ಕಡೆ ‘ಊರು’ ಎಂಬುದು ‘ಊರ’ ಆದಂತೆ ‘ಕಾರು’ ‘ಕಾರ’ ಆಗುವುದುಂಟು, ‘ಬಸ್ಸು’ ‘ಬಸ್ಸ’ ಆಗುವುದುಂಟು. ತುಳುವಿನಲ್ಲಿ ತುಟಿ ದುಂಡಗಾಗದೆ ಹೊರಡುವ ಅರೆ ಉಕಾರವಿದೆ. ಮಂಗಳೂರಿನ ‘ಬಸ್ಸ್’ ಹತ್ತಿರ ಕೂತು ಕೇಳಿದರೆ ಬೆಂಗಳೂರಿನ ‘ಬಸ್ಸು’ ಅಲ್ಲ, ಇಂಗ್ಲಿಷಿನ ‘ಬಸ್’ ಕೂಡ ಅಲ್ಲ. ಕೊನೆಗೊಂದು ಚೂರು ಉಸಿರಿನಂಥ ಸ್ವರ ಉಳಿದಿರುತ್ತದೆ.

ಮಂಡ್ಯ, ಮೈಸೂರು, ಕೋಲಾರದ ಹಳ್ಳಿಗಳಲ್ಲಿ ‘ಹಸು’ ‘ಅಸು’ ಆಗುತ್ತದೆ, ‘ಹಾಲು’ ‘ಆಲು’. ಹಾಗಾಗಿ ‘ಹೋಟೆಲ್’ ‘ಓಟ್ಲು’, ‘ಹಾರ್ನ್’ ‘ಆರ್ನು’. ನಗುವವರಿಗೆ ಹೆದರಿ ತಿದ್ದಿಕೊಳ್ಳಲು ಹೊರಟವರು ಬೇಡದ ಕಡೆಯೂ ಹಕಾರ ಹಾಕಿ ‘ಹಾಫೀಸು’ ಅನ್ನುತ್ತಾರೆ. ಪೂರ್ವ ಲಂಡನ್ನಿನ ಕಾಕ್ನಿ ಮಾತಿನಲ್ಲೂ ‘ಹೌಸ್’ ‘ಔಸ್’ ಆಗುತ್ತದೆ. ಅಲ್ಲಿಯವರೂ ನಾಜೂಕಾಗಿ ಮಾತಾಡಲು ಹೋಗಿ ಇಲ್ಲದ ಹಕಾರ ತಂದು ನಗೆಪಾಟಲಾಗಿದ್ದಾರೆ. ಸಾವಿರಾರು ಮೈಲಿ ಆಚೆ ಈಚೆ, ಒಂದೇ ಮುಜುಗರ.

ಪದದ ಮೊದಲಿಗೆ ಬರುವ ‘ಎ’ಗೆ ಯಕಾರದ ಲೇಪ, ‘ಒ’ಗೆ ವಕಾರದ ಲೇಪ ಹತ್ತುವುದು ಕನ್ನಡದ ಮಾತಿನಲ್ಲಿ ಎಲ್ಲೆಲ್ಲೂ ಇದೆ. ಬರೆಯುವುದು ‘ಎಂಟು’, ಬಾಯಿ ಹೇಳುವುದು ‘ಯೆಂಟು’. ಬರೆಯುವುದು ‘ಒಂದು’, ಹೇಳುವುದು ‘ವೊಂದು’. ಇದೇ ಜಾಡಿನಲ್ಲಿ ‘ಯೆಗ್ಗು’, ‘ಯೆಕ್ಸಾಮು’, ‘ವೋಪನ್ನು’, ‘ವೋನ್ಲಿ’. ಇವು ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಕಿವಿ ಎಂಬರ್ಥದ ‘ಇಯರ್’ ಮತ್ತು ವರ್ಷ ಎಂಬರ್ಥದ ‘ಯಿಯರ್’ ಒಂದೇ ಆಗುವುದು ಮಾತ್ರ ನಿಜವಾದ ನಷ್ಟ. ಅದೂ ವಾಕ್ಯದೊಳಗೆ ಬಂದಾಗ ತಾನಾಗಿ ಬಗೆಹರಿಯುತ್ತದೆ.

‘ಫ’ ಮತ್ತು ‘ಝ’ಗಳದು ಬೇರೆ ಕತೆ. ಕೆಳತುಟಿ ಮೇಲಿನ ಹಲ್ಲಿಗೆ ತಾಗಿ ಬರುವ ಇಂಗ್ಲಿಷಿನ ಎಫ್ ಧ್ವನಿ ಕನ್ನಡದ ಮೂಲ ಆಸ್ತಿಯಲ್ಲ. ಹಾಗಾಗಿ ಹಲವರ ಬಾಯಲ್ಲಿ ಕುಡಿಯುವ ಕಾಫಿಯೂ ಪರೀಕ್ಷೆಯಲ್ಲಿ ಹೊಡೆಯುವ ಕಾಪಿಯೂ ಒಂದೇ. ಕಲಬುರಗಿ, ಬೀದರಿನಲ್ಲಿ ಉರ್ದುವಿನ ಒಡನಾಟ ಇರುವುದರಿಂದ ‘ಫ಼ೋನ್’, ‘ಜ಼ೀರೊ’ ಎರಡೂ ಸಲೀಸು. ಅದೇ ಉರ್ದು ನುಡಿಯೇ ಪದದ ಮೊದಲಿನ ಸಕಾರದ ಜೋಡಿಯನ್ನು ಒಪ್ಪುವುದಿಲ್ಲ, ಮುಂದೊಂದು ಇಕಾರ ಇಟ್ಟು ‘ಇಸ್ಕೂಲ್’, ‘ಇಸ್ಟೇಷನ್’ ಮಾಡುತ್ತದೆ. ದಕ್ಷಿಣದ ಹಳ್ಳಿಗಳಲ್ಲಿ ಇದೇ ತೊಡಕಿಗೆ ಎರಡು ಪರಿಹಾರ ಕಾಣಸಿಗುತ್ತವೆ: ‘ಇಸ್ಕೂಲು’ ಎಂದು ಸ್ವರ ಸೇರಿಸುವುದು, ಇಲ್ಲವೇ ‘ಟೇಸನ್ನು’ ಎಂದು ಸಕಾರವನ್ನೇ ಕೈಬಿಡುವುದು. ಪಂಜಾಬಿನವರದು ಮೂರನೆಯ ದಾರಿ. ಅವರು ಜೋಡಿಯ ನಡುವೆ ಸ್ವರ ತೂರಿಸಿ ‘ಸಕೂಲ್’ ಅನ್ನುತ್ತಾರೆ.

ಲಿಪಿಯ ಪಾತ್ರವೂ ಇದೆ. ‘ಬ್ಯಾಂಕ್’, ‘ಮ್ಯಾಚ್’, ‘ಕ್ಯಾಟ್’ ಪದಗಳಲ್ಲಿರುವ ಅಗಲ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಯಕಾರದ ಒತ್ತು ಕೊಟ್ಟು ದೀರ್ಘ ಎಳೆದು ಬರೆಯುವುದು ಒಂದು ಒಪ್ಪಂದ ಮಾತ್ರ. ಕರಾವಳಿಯ ಬರಹದಲ್ಲಿ ‘ಬೇಂಕು’ ಎಂಬ ರೂಪವೂ ಬಳಕೆಯಲ್ಲಿದೆ, ಅದೂ ಅಷ್ಟೇ ಸಮಂಜಸ. ಇವೆರಡರಲ್ಲಿ ಯಾವುದನ್ನಾದರೂ ಬರೆದಂತೆಯೇ ಓದಿದರೆ ಮೂಲದಿಂದ ಸ್ವಲ್ಪ ದೂರ ಸರಿಯುತ್ತೇವೆ, ಒಂದೊಂದು ದಿಕ್ಕಿಗೆ. ‘ಕಾಲೇಜು’ ಎಂದು ನಾವು ಆಕಾರ ಹಾಕುವ ಕಡೆ ಬಂಗಾಳಿಗಳು ಒಕಾರ ಹಾಕಿ ‘ಕೊಲೇಜ್’ ಅನ್ನುತ್ತಾರೆ. ಮಲಯಾಳಿಗಳು ‘ಕೋಳೇಜ್’ ಎಂದು ಳಕಾರವನ್ನೂ ತರುತ್ತಾರೆ. ಲಂಡನ್ನಿಗೆ ಹತ್ತಿರ ಬಂಗಾಳಿಗಳು. ನಮ್ಮ ‘ಕಾಲೇಜು’ ಇರುವುದು ಅಮೆರಿಕದ ಹತ್ತಿರ. ಯಾರೂ ಹಾಗೆಂದು ಯೋಜನೆ ಹಾಕಿದ್ದಲ್ಲ.

ಕನ್ನಡಿಗರಿಗೆ ಹುಟ್ಟಿನಿಂದಲೇ ಸಿಕ್ಕ ಅನುಕೂಲಗಳೂ ಇವೆ. ಎ–ಏ, ಒ–ಓ ಎಂಬ ಗಿಡ್ಡ–ಉದ್ದದ ಭೇದ ಕನ್ನಡದಲ್ಲಿದೆ, ಹಿಂದಿಯಲ್ಲಿಲ್ಲ. ಆದ್ದರಿಂದ ಬರೆಯುವ ‘ಪೆನ್’, ನೋವಿನ ‘ಪೇನ್’ ಎರಡನ್ನೂ ಬೇರೆ ಮಾಡಲು ನಮಗೆ ಪ್ರಯಾಸವಿಲ್ಲ. ತೆಳ್ಳಗೆ ಎಂಬರ್ಥದ ಪದಕ್ಕೆ ಥಕಾರ, ತಗಡಿನ ಡಬ್ಬಿಗೆ ಟಕಾರ ಹಾಕುವುದರಿಂದ ‘ಥಿನ್’ ಮತ್ತು ‘ಟಿನ್’ ಕೂಡ ಬೆರೆಯುವುದಿಲ್ಲ. ಪದದ ಕೊನೆಯ ಉಕಾರವೂ ಸದ್ದಿಲ್ಲದೆ ಒಂದು ಉಪಕಾರ ಮಾಡುತ್ತದೆ. ಕೊನೆಯ ವ್ಯಂಜನವನ್ನು ಬಾಯಲ್ಲೇ ನುಂಗುವವರ ‘ಬ್ಯಾಗ್’ ಮತ್ತು ‘ಬ್ಯಾಕ್’ ಒಂದೇ ಥರ ಕೇಳಿಸಬಹುದು. ‘ಬ್ಯಾಗು’, ‘ಬ್ಯಾಕು’ ಎಂದರೆ ಕೆಟ್ಟ ಫೋನಿನಲ್ಲೂ ಬೇರೆಬೇರೆ.

ಅವರ ಮನೆಯಲ್ಲೂ ಇದೇ

ಇಂಗ್ಲೆಂಡಿನ ಉತ್ತರಕ್ಕೆ, ಲೀಡ್ಸ್ ಅಥವಾ ಮ್ಯಾಂಚೆಸ್ಟರಿಗೆ ಹೋದರೆ ಬಸ್ಸು ‘ಬುಸ್’, ಕಪ್ಪು ‘ಕುಪ್’. ದಕ್ಷಿಣ ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ‘ಪುಟ್’ ಮತ್ತು ‘ಕಟ್’ ಪದಗಳ ಸ್ವರ ಒಡೆದು ಎರಡಾಯಿತು. ಉತ್ತರದವರು ಆ ಬದಲಾವಣೆಗೆ ಸೇರಲಿಲ್ಲ, ಇಂದಿಗೂ ಅನೇಕರು ಎರಡಕ್ಕೂ ಒಂದೇ ಸ್ವರ ಬಳಸುತ್ತಾರೆ. ಸ್ನಾನ ಎಂಬರ್ಥದ ‘ಬಾತ್’ ದಕ್ಷಿಣದಲ್ಲಿ ದೀರ್ಘ, ಉತ್ತರದಲ್ಲಿ ಹ್ರಸ್ವ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಪಿನ್’ ಮತ್ತು ‘ಪೆನ್’ ಒಂದೇ ಉಚ್ಚಾರ. ಗೊಂದಲ ತಪ್ಪಿಸಲು ಅಲ್ಲಿಯವರು ‘ಇಂಕ್ ಪೆನ್’ ಎಂದು ಬಿಡಿಸಿ ಹೇಳುವುದುಂಟು. ಝೀಬ್ರಾ–ಝೆಬ್ರಾ, ವೈಟಮಿನ್–ವಿಟಮಿನ್, ಸ್ಕೆಜೂಲ್–ಶೆಡ್ಯೂಲ್ ಜೋಡಿಗಳು ಎಲ್ಲರಿಗೂ ಗೊತ್ತಿರುವಂಥವೇ. ಪ್ರತಿ ಜೋಡಿಯಲ್ಲೂ ಮೊದಲನೆಯದು ಅಮೆರಿಕ, ಎರಡನೆಯದು ಬ್ರಿಟನ್.

ನಮ್ಮ ‘ಗೇಟು’, ‘ಬೋಟು’ಗಳ ಸ್ವರ ಚಪ್ಪಟೆ ಎಂದು ದೂರುವವರು ಸ್ಕಾಟ್ಲೆಂಡಿನವರ ಮಾತು ಕೇಳಬೇಕು. ಲಂಡನ್ನಿನವರು ‘ಏ’ ಎಂದು ಶುರುಮಾಡಿ ‘ಇ’ ಕಡೆಗೆ ಜಾರುತ್ತಾರೆ. ಸ್ಕಾಟರು ನಮ್ಮ ಹಾಗೆಯೇ ನೇರ ಏಕಾರ, ನೇರ ಓಕಾರ ಹೇಳುತ್ತಾರೆ. ‘ಕಾರ್’, ‘ವಾಟರ್’ ಪದಗಳ ಕೊನೆಯ ರಕಾರವನ್ನು ಬಿಡದೆ ಉಚ್ಚರಿಸುವುದರಲ್ಲೂ ಅವರು ನಮ್ಮ ಜೊತೆಗಾರರು.

ಆ ರಕಾರದ ಬಗ್ಗೆಯೇ ವಿಲಿಯಂ ಲಬೊವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ದುಬಾರಿಯ ಸ್ಯಾಕ್ಸ್, ಮಧ್ಯಮ ದರದ ಮೇಸೀಸ್, ಅಗ್ಗದ ಕ್ಲೈನ್ ಎಂಬ ಮೂರು ಮಳಿಗೆಗಳಿಗೆ ಹೋದರು. ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಎಲ್ಲಿದೆ ಎಂದು ಕೆಲಸಗಾರರನ್ನು ಕೇಳಿದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬರಲೇಬೇಕು, ಅದರಲ್ಲಿ ಎರಡು ರಕಾರ. ಸರಿಯಾಗಿ ಕೇಳಿಸಲಿಲ್ಲ ಎಂಬಂತೆ ಇನ್ನೊಮ್ಮೆ ಕೇಳಿ ಎರಡನೆಯ ಉತ್ತರವನ್ನೂ ಗಮನಿಸಿದರು. ಆಮೇಲೆ ಮರೆಗೆ ಹೋಗಿ ಬರೆದುಕೊಂಡರು. ಪೂರ್ತಿಯಾಗಿಯೋ ಭಾಗಶಃವೋ ರಕಾರ ಉಚ್ಚರಿಸಿದವರು ಸ್ಯಾಕ್ಸಿನಲ್ಲಿ ಶೇ 62, ಮೇಸೀಸಿನಲ್ಲಿ ಶೇ 51, ಕ್ಲೈನಿನಲ್ಲಿ ಶೇ 20. ನ್ಯೂಯಾರ್ಕಿನಲ್ಲಿ ರಕಾರ ಹೇಳುವುದು ಮೇಲಂತಸ್ತಿನ ಗುರುತು. ಅದೇ ರಕಾರವನ್ನು ಕೈಬಿಡುವುದು ಲಂಡನ್ನಿನಲ್ಲಿ ಮೇಲಂತಸ್ತಿನ ಗುರುತು. ಧ್ವನಿ ಒಂದೇ, ಬೆಲೆ ತಿರುವುಮುರುವು. ಹಾಗಿರುವಾಗ ‘ಶುದ್ಧ ಉಚ್ಚಾರ ಕಲಿಸಿಕೊಡಲಾಗುವುದು’ ಎಂಬ ಬೋರ್ಡು ಕಂಡರೆ, ಯಾವ ಊರಿನ ಶುದ್ಧ ಎಂದು ಕೇಳಿಯೇ ಫೀಸು ಕಟ್ಟುವುದು ಒಳ್ಳೆಯದು.

ನಿಜವಾಗಿ ಎಡವುವುದು ಎಲ್ಲಿ

ಗಿಡ್ಡ ಪಟ್ಟಿಗೆ ಬರೋಣ. ಕನ್ನಡದ ಕಿವಿಗೆ ಇವು ದೊಡ್ಡ ತಪ್ಪೆಂದು ಅನ್ನಿಸುವುದೇ ಇಲ್ಲ, ತೊಂದರೆ ಇರುವುದು ಅಲ್ಲೇ.

ಒಂದು, ಉಸಿರಿನ ಹೊಡೆತ. ಬೆರಳಗಲದ ಟಿಶ್ಯೂ ಕಾಗದದ ಪಟ್ಟಿಯನ್ನು ತುಟಿಯಿಂದ ಎರಡು ಇಂಚು ದೂರ ಇಳಿಬಿಟ್ಟು ‘ಪಾಪ’ ಎನ್ನಿ. ಕಾಗದ ಅಲುಗುವುದಿಲ್ಲ. ಇಂಗ್ಲಿಷ್ ಮನೆಮಾತಿನವರು ‘ಪಿನ್’ ಎಂದರೆ ಅದೇ ಕಾಗದ ಹಾರುತ್ತದೆ. ಅವರೇ ‘ಸ್ಪಿನ್’ ಎಂದರೆ ಹಾರುವುದಿಲ್ಲ. ಅಂದರೆ ಪದದ ಮೊದಲಿಗೆ ಬರುವ, ಅಥವಾ ಒತ್ತು ಬಿದ್ದ ಅಕ್ಷರದ ಮೊದಲಿಗೆ ಬರುವ ಪ, ಟ, ಕ ಧ್ವನಿಗಳು ಅವರಲ್ಲಿ ಮಹಾಪ್ರಾಣ. ಸಕಾರದ ಬೆನ್ನಿಗೆ ಬಂದರೆ ಅಲ್ಪಪ್ರಾಣ. ಅವರ ಕಿವಿ ಪಿನ್ನನ್ನು ಕಸದ ಬಿನ್ನಿನಿಂದ, ಕೋಟನ್ನು ಆಡಿನ ‘ಗೋಟ್’ನಿಂದ ಬೇರೆ ಮಾಡುವುದು ಮುಖ್ಯವಾಗಿ ಈ ಉಸಿರಿನಿಂದ. ನಾವು ಉಸಿರಿಲ್ಲದ ‘ಪಿನ್’ ಎಂದರೆ ಆ ಕಡೆ ‘ಬಿನ್’ ಎಂದು ಕೇಳಿಸಿಕೊಳ್ಳುವುದು ಇದಕ್ಕೇ.

ಖ, ಠ, ಫ ಎಂಬ ಅಕ್ಷರಗಳನ್ನು ಒಂದನೇ ತರಗತಿಯಿಂದ ತಿದ್ದಿದವರಿಗೆ ಇದು ಕಷ್ಟವಾಗಬಾರದು. ‘ಟೈಮ್’ ಎನ್ನುವಾಗ ಮನಸ್ಸಿನಲ್ಲಿ ‘ಠೈಮ್’, ‘ಕೋಟ್’ ಎನ್ನುವಾಗ ‘ಖೋಟ್’ ಎಂದುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಎಡವಟ್ಟಾಗುವುದು ಪಕಾರದಲ್ಲಿ. ‘ಫ’ ಎಂದೊಡನೆ ಇವತ್ತಿನ ನಾಲಿಗೆ ಎಫ್ ಧ್ವನಿಗೆ ಓಡುತ್ತದೆ, ಪಿನ್ನು ಹೋಗಿ ಮೀನಿನ ರೆಕ್ಕೆಯ ‘ಫಿನ್’ ಆಗುತ್ತದೆ. ಎರಡು ತುಟಿಯೂ ಪೂರ್ತಿ ಮುಚ್ಚಿ ತೆರೆಯಬೇಕು, ಹಲ್ಲು ತಾಗಕೂಡದು. ಇನ್ನೊಂದು ಎಡವಟ್ಟು, ಕಲಿತ ಉತ್ಸಾಹದಲ್ಲಿ ‘ಸ್ಠಾಪ್’, ‘ಸ್ಖೂಲ್’ ಎಂದು ಎಲ್ಲ ಕಡೆಯೂ ಉಸಿರು ಊದುವುದು.

ಎರಡು, ಪದದ ಒತ್ತು. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ, ಒಂದು ಅಕ್ಷರದ ಮೇಲೆ ಹೆಚ್ಚು ಭಾರ ಹಾಕುವುದು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ 1969ರಲ್ಲಿ ಪ್ರಕಟವಾದ ಆರ್. ಕೆ. ಬನ್ಸಲ್ ಅವರ ಅಧ್ಯಯನ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ತಿಳಿಯದಿರಲು ಪದದ ಒತ್ತು ತಪ್ಪುವುದನ್ನು ಪ್ರಮುಖ ಕಾರಣಗಳಲ್ಲಿ ಎಣಿಸಿತ್ತು. ಕನ್ನಡ ಲಘು–ಗುರುಗಳ ಭಾಷೆ. ಅಕ್ಷರದ ತೂಕ ತೀರ್ಮಾನವಾಗುವುದು ಮಾತ್ರೆಯಿಂದ, ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲಬೇಕು. ಇಂಗ್ಲಿಷ್ ಹಾಗಲ್ಲ. ಒಂದು ಅಕ್ಷರವನ್ನು ಎಳೆದು, ಎತ್ತರಿಸಿ, ಜೋರು ಮಾಡಿ, ಅಕ್ಕಪಕ್ಕದವನ್ನು ಹಿಂಡಿಬಿಡುತ್ತದೆ. ಹಿಂಡಿದ ಸ್ವರಗಳು ಮಂದವಾದ ಅಕಾರದಂತೆ ಉಳಿಯುತ್ತವೆ. ‘ಫೋಟೋಗ್ರಾಫ್’ ಎಂಬಲ್ಲಿ ಭಾರ ಮೊದಲ ಅಕ್ಷರಕ್ಕೆ. ‘ಫೊಟಾಗ್ರಫರ್’ ಎಂಬಲ್ಲಿ ಎರಡನೆಯದಕ್ಕೆ. ‘ಫೋಟೊಗ್ರ್ಯಾಫಿಕ್’ ಎಂಬಲ್ಲಿ ಮೂರನೆಯದಕ್ಕೆ. ಭಾರ ಜರುಗಿದಂತೆ ಉಳಿದ ಸ್ವರಗಳ ರೂಪವೇ ಬದಲಾಗುತ್ತದೆ. ಆ ಕಿವಿ ಪದ ಹುಡುಕುವುದು ಭಾರ ಬಿದ್ದ ಅಕ್ಷರದಿಂದ. ಭಾರ ತಪ್ಪಿದರೆ ಹುಡುಕಾಟವೇ ತಪ್ಪು ಕಪಾಟಿನಲ್ಲಿ ಶುರುವಾಗುತ್ತದೆ.

ಹೋಟೆಲ್, ಕಮಿಟಿ, ಈವೆಂಟ್, ಡೆವಲಪ್ ನಾಲ್ಕಕ್ಕೂ ಭಾರ ಎರಡನೆಯ ಅಕ್ಷರಕ್ಕೆ. ನಾವು ನಾಲ್ಕರಲ್ಲೂ ಮೊದಲನೆಯದಕ್ಕೆ ಹಾಕುತ್ತೇವೆ. ‘ವೆಜಿಟೇಬಲ್’, ‘ಕಂಫರ್ಟೇಬಲ್’ ಎರಡೂ ಅವರ ಬಾಯಲ್ಲಿ ಮೂರೇ ಅಕ್ಷರ. ನಡುವಿನದು ಮಾಯ, ಕೊನೆಯಲ್ಲಿ ಟೇಬಲ್ಲೂ ಇರುವುದಿಲ್ಲ. ಪದಕ್ಕೊಂದರಂತೆ ಬಾಯಿಪಾಠ ಮಾಡುವ ಬದಲು ಪದದ ಬಾಲ ನೋಡುವುದು ಸುಲಭ. ‘-ಶನ್’ ಎಂದು ಕೊನೆಯಾಗುವ ಎಜುಕೇಶನ್, ಆ್ಯಪ್ಲಿಕೇಶನ್ ಥರದ ಪದಗಳಲ್ಲಿ ಭಾರ ಅದರ ಹಿಂದಿನ ಅಕ್ಷರಕ್ಕೆ, ಎರಡರಲ್ಲೂ ‘ಕೇ’ಗೆ. ‘-ಇಕ್’ ಎಂದು ಕೊನೆಯಾದರೂ ಹಿಂದಿನದಕ್ಕೇ, ಎಕನಾಮಿಕ್ ಎಂ‌ಬಲ್ಲಿ ‘ನಾ’ಗೆ. ಪಾಲಿಟಿಕ್ಸ್, ಅರಿತ್‌ಮೆಟಿಕ್ ಥರದ ಕೆಲವು ಈ ಸಾಲಿಗೆ ಸೇರುವುದಿಲ್ಲ. ‘-ಇಟಿ’ ಇದ್ದರೂ ಭಾರ ಹಿಂದಿನದಕ್ಕೇ, ಎಬಿಲಿಟಿ ಎಂಬಲ್ಲಿ ‘ಬಿ’ಗೆ. ‘-ಇಯರ್’ ಎಂಬ ಬಾಲವಾದರೆ ಭಾರ ಬಾಲಕ್ಕೇ. ಎಂಜಿನಿಯರುಗಳೇ ತುಂಬಿರುವ ಬೆಂಗಳೂರಿನಲ್ಲಿ ಆ ಪದದ ಭಾರ ‘ನಿಯರ್’ ಮೇಲೆ ಬೀಳುವುದು ಅಪರೂಪ.

ಮಾಡಬೇಕಾದ ಕಸರತ್ತು ದೊಡ್ಡದಲ್ಲ. ನಿಮ್ಮ ಕೆಲಸದಲ್ಲಿ ದಿನಾ ಬರುವ ಐವತ್ತು ಪದ ಬರೆದುಕೊಳ್ಳಿ. ನಿಘಂಟು ನೋಡಿ ಭಾರದ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಎರಡು ಕೈಯಲ್ಲಿ ರಬ್ಬರ್ ಬ್ಯಾಂಡ್ ಹಿಡಿದು ಆ ಅಕ್ಷರ ಬಂದಾಗ ಮಾತ್ರ ಎಳೆಯುತ್ತಾ ಹೇಳಿ. ಜೋರಾಗಿ ಕೂಗಿದರೆ ಸಾಲದು, ಎಳೆಯುವುದೇ ಮುಖ್ಯ. ಉಳಿದ ಅಕ್ಷರಗಳನ್ನು ಕುಗ್ಗಿಸದೆ ಒಂದನ್ನು ಮಾತ್ರ ಕೂಗಿದರೆ ಬೈದಂತೆ ಕೇಳಿಸುತ್ತದೆ.

ದುಡ್ಡಿನ ಲೆಕ್ಕದಲ್ಲಿ ಕೈಕೊಡುವ ಒತ್ತು ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಯದು. ಹದಿನೈದರಲ್ಲಿ ಭಾರ ‘ಟೀನ್’ ಮೇಲೆ, ಐವತ್ತರಲ್ಲಿ ‘ಫಿಫ್’ ಮೇಲೆ. ಎರಡನ್ನೂ ಒಂದೇ ಭಾರದಲ್ಲಿ ಹೇಳಿ ಕೊನೆಯ ನಕಾರವನ್ನು ನುಂಗಿದರೆ ಕೇಳಿದವರಿಗೆ ನಾಣ್ಯ ಚಿಮ್ಮುವುದೊಂದೇ ದಾರಿ. ಫೋನಿನಲ್ಲಿ ‘ಒನ್ ಫೈವ್’, ‘ಫೈವ್ ಝೀರೊ’ ಎಂದು ಬಿಡಿಸಿ ಹೇಳುವುದು ಯಾವ ದೇಶದವರಿಗಾದರೂ ಒಳ್ಳೆಯದು.

ವಿಮಾನದಲ್ಲಿ ಮೂರು ಎಂದರೆ ‘ಟ್ರೀ’

ವಕಾರದ ಎರಡು ಬಗೆ (ವಿ ಮತ್ತು ಡಬ್ಲ್ಯು), ತೆಳ್ಳಗಿನ ಥಕಾರ, ಟಕಾರದಲ್ಲಿ ನಾಲಿಗೆ ಹಿಂದಕ್ಕೆ ಮಡಿಚುವುದು ಇವಕ್ಕೆ ತರಗತಿಗಳಲ್ಲಿ ತಿಂಗಳುಗಟ್ಟಲೆ ಸಮಯ ಹೋಗುತ್ತದೆ. ಇವುಗಳಲ್ಲಿ ‘ವೈನ್’ ಎಂಬ ಬಳ್ಳಿ ಮತ್ತು ‘ವೈನ್’ ಎಂಬ ಮದ್ಯ ಬೆರೆಯುವ ಸಣ್ಣ ಗೊಂದಲ ಬಿಟ್ಟರೆ ನಷ್ಟ ಕಡಿಮೆ. ಬ್ರಿಟನ್ನಿನ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ, ಬೇರೆಬೇರೆ ಮನೆಮಾತಿನವರು ತಮ್ಮತಮ್ಮಲ್ಲಿ ಇಂಗ್ಲಿಷ್ ಮಾತಾಡುವಾಗ ಅರ್ಥವಾಗಲು ಬೇಕೇ ಬೇಕಾದ ಧ್ವನಿಗಳ ಪಟ್ಟಿಯೊಂದನ್ನು ಮುಂದಿಟ್ಟರು. ಮೊದಲಕ್ಷರದ ಉಸಿರು ಮತ್ತು ಸ್ವರದ ಉದ್ದ ಅದರಲ್ಲಿದ್ದವು. ಥಕಾರವನ್ನು ಕೈಬಿಡಲಾಗಿತ್ತು. ಅವರ ಪಟ್ಟಿಯಲ್ಲಿ ವಾಕ್ಯದ ಮುಖ್ಯ ಪದಕ್ಕೆ ಬೀಳುವ ಒತ್ತಿಗೆ ಜಾಗವಿತ್ತು, ಪದದೊಳಗಿನ ಒತ್ತಿಗೆ ಅಷ್ಟು ಮಹತ್ವವಿರಲಿಲ್ಲ. ಆದ್ದರಿಂದ ಗ್ರಾಹಕರು ಅಮೆರಿಕ, ಬ್ರಿಟನ್ನಿನವರಾದರೆ ಬನ್ಸಲ್ ಹೇಳಿದ್ದಕ್ಕೆ ಬೆಲೆ ಕೊಡಬೇಕು. ಜರ್ಮನಿ, ಜಪಾನಿನವರಾದರೆ ಉಸಿರು ಮತ್ತು ಸ್ವರದ ಉದ್ದ ಸರಿಯಿದ್ದರೆ ಬಹಳಷ್ಟು ಸಾಗುತ್ತದೆ.

ಉಚ್ಚಾರ ತಪ್ಪಿದರೆ ಜೀವವೇ ಹೋಗಬಹುದಾದ ಜಾಗ ವಿಮಾನದ ರೇಡಿಯೊ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕ್ರಮದಂತೆ ಅಲ್ಲಿ ಮೂರು ಎಂದರೆ ‘ಟ್ರೀ’, ಐದು ಎಂದರೆ ‘ಫೈಫ್’, ಒಂಬತ್ತು ‘ನೈನರ್’, ಸಾವಿರ ‘ಟೌಸಂಡ್’. ಜಗತ್ತಿನ ಅರ್ಧ ನಾಲಿಗೆಗೆ ಒಗ್ಗದ ಥಕಾರವನ್ನು ಮೂರರಿಂದಲೂ ಸಾವಿರದಿಂದಲೂ ಬೇಕೆಂದೇ ಕಿತ್ತುಹಾಕಿದ್ದಾರೆ. ಐದು–ಒಂಬತ್ತು ಬೆರೆಯದಂತೆ ಒಂಬತ್ತಕ್ಕೆ ಬಾಲ ಅಂಟಿಸಿದ್ದಾರೆ. ಹಳ್ಳಿಯ ಹುಡುಗ ‘ಟ್ರೀ’ ಎಂದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ, ಪೈಲಟ್ ‘ಟ್ರೀ’ ಎಂದರೆ ಅದೇ ನಿಯಮ. ಇದೇ ಸಂಸ್ಥೆಯ ಭಾಷಾ ಪರೀಕ್ಷೆಗೆ ಆರು ಹಂತ. ಅಂತಾರಾಷ್ಟ್ರೀಯ ಹಾರಾಟಕ್ಕೆ ಬೇಕಾದ 4ನೇ ಹಂತದಲ್ಲಿ ಮನೆಮಾತಿನ ಅಥವಾ ಪ್ರದೇಶದ ಪ್ರಭಾವ ಉಚ್ಚಾರದಲ್ಲಿ ಇರಬಹುದು, ಅದು ಅರ್ಥಕ್ಕೆ ಅಡ್ಡಬರುವುದು ಕೆಲವೊಮ್ಮೆ ಮಾತ್ರ ಆಗಿದ್ದರೆ ಸಾಕು. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಮಾತಿನ ವಿಭಾಗದಲ್ಲೂ ಉಚ್ಚಾರಕ್ಕಿರುವುದು ಕಾಲು ಭಾಗ ಅಂಕ. ಅಲ್ಲಿ ಅಳೆಯುವುದು ಸುಲಭವಾಗಿ ಅರ್ಥವಾಗುತ್ತದೆಯೇ ಎಂಬುದನ್ನು. ‘ಬ್ರಿಟಿಷ್ ಆ್ಯಕ್ಸೆಂಟ್’ ತರಿಸಿಕೊಳ್ಳಲು ಕಟ್ಟುವ ಹೆಚ್ಚುವರಿ ಫೀಸಿಗೆ ಅಲ್ಲಿ ಅಂಕವಿಲ್ಲ.

ಯಂತ್ರದ ಕಿವಿ, ಫೋನಿನ ತಂತಿ

ಮನುಷ್ಯರ ಕಿವಿ ಕೆಲವೇ ನಿಮಿಷದಲ್ಲಿ ಹೊಸ ಧಾಟಿಗೆ ಒಗ್ಗಿಕೊಳ್ಳುತ್ತದೆ. ಯಂತ್ರಕ್ಕೆ ಆ ಸೌಜನ್ಯ ಕಡಿಮೆ. 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಮೆಜಾನ್, ಆ್ಯಪಲ್, ಗೂಗಲ್, ಐಬಿಎಂ, ಮೈಕ್ರೋಸಾಫ್ಟ್ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಸರಾಸರಿಯಲ್ಲಿ ಬಿಳಿಯ ಅಮೆರಿಕನ್ನರ 100 ಪದಕ್ಕೆ 19 ತಪ್ಪು, ಕಪ್ಪು ಅಮೆರಿಕನ್ನರ 100 ಪದಕ್ಕೆ 35 ತಪ್ಪು. ಇಬ್ಬರಿಗೂ ಮನೆಮಾತು ಇಂಗ್ಲಿಷೇ. ಯಂತ್ರ ಯಾರ ಮಾತು ಹೆಚ್ಚು ಕೇಳಿ ಕಲಿತಿದೆಯೋ ಅವರ ಮಾತು ಅದಕ್ಕೆ ‘ಸ್ಪಷ್ಟ’. ಭಾರತದ ಭಾಷೆಗಳ ವಿಷಯದಲ್ಲಿ ಈ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸುತ್ತಿದೆ. ಗುರಿ 773 ಜಿಲ್ಲೆ.

ಮೊಬೈಲಿಗೆ ಇಂಗ್ಲಿಷಿನಲ್ಲಿ ಮಾತಾಡಿ ಬರೆಸುವವರು ಮೊದಲು ಧ್ವನಿ ಟೈಪಿಂಗ್ ಸೆಟ್ಟಿಂಗಿನಲ್ಲಿ ಭಾಷೆ ಯಾವುದಿದೆ ನೋಡಬೇಕು. ಅಮೆರಿಕದ ಇಂಗ್ಲಿಷ್ ಇದ್ದರೆ ಭಾರತದ ಇಂಗ್ಲಿಷಿಗೆ ಬದಲಿಸಬೇಕು. ಆಮೇಲೆ, ಬಿಡಿಬಿಡಿ ಪದವಾಗಿ ನಿಲ್ಲಿಸಿ ಹೇಳಬಾರದು. ಯಂತ್ರ ಪದವನ್ನು ಊಹಿಸುವುದು ಅಕ್ಕಪಕ್ಕದ ಪದಗಳ ಸಹಾಯದಿಂದ, ನಿಲ್ಲಿಸಿದಷ್ಟೂ ಊಹೆ ಕೆಡುತ್ತದೆ. ಅರ್ಥವಾಗಲಿಲ್ಲ ಎಂದು ಎರಡನೇ ಸಲ ಕೂಗಿ ಎಳೆದು ಹೇಳಿದರೆ ಇನ್ನೂ ಹದಗೆಡುತ್ತದೆ, ಅಂಥ ಮಾತನ್ನು ಅದು ಕೇಳಿ ಕಲಿತಿರುವುದು ಕಡಿಮೆ.

ಎಷ್ಟೋ ಸಲ ಉಚ್ಚಾರದ ಮೇಲೆ ಹೊರಿಸುವ ತಪ್ಪು ತಂತಿಯದು. ಹಳೆಯ ಟೆಲಿಫೋನ್ ವ್ಯವಸ್ಥೆ ಸಾಗಿಸುವುದು 300ರಿಂದ 3,400 ಹರ್ಟ್ಝ್‌ವರೆಗಿನ ಧ್ವನಿ. ಹರ್ಟ್ಝ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ. ಸಕಾರದ ಸೀಟಿಯಂಥ ಸದ್ದಿನ ಬಹುಪಾಲು 4,000 ಹರ್ಟ್ಝ್ ಮೇಲಿರುತ್ತದೆ. ಹಾಗಾಗಿ ಎಸ್ ಮತ್ತು ಎಫ್ ಅಕ್ಷರಗಳು ಲಂಡನ್ನಿನವರು ಹೇಳಿದರೂ ಅಲ್ಲಿ ಬೆರೆಯುತ್ತವೆ. ಎಚ್‌ಡಿ ವಾಯ್ಸ್ ಇರುವ ಕರೆಗಳಲ್ಲಿ ಸುಮಾರು 7,000 ಹರ್ಟ್ಝ್‌ವರೆಗೆ ಹೋಗುವುದರಿಂದ ವ್ಯತ್ಯಾಸ ತಿಳಿಯುತ್ತದೆ. ಹೆಸರಿನ ಅಕ್ಷರ ಹೇಳುವಾಗ ‘ಎಸ್ ಫಾರ್ ಶುಗರ್’ ಎನ್ನುವ ರೂಢಿಯನ್ನು ಬಿಟ್ಟು ಸಕಾರವೇ ಮೊದಲಿರುವ ‘ಸಂಡೇ’ ಥರದ ಪದ ಹೇಳುವುದು ಲೇಸು.

ಯಂತ್ರ ನಮ್ಮ ಮಾತು ಕೇಳುವುದು ಒಂದು ಕಡೆ, ನಮ್ಮ ಊರುಗಳನ್ನು ಓದುವುದು ಇನ್ನೊಂದು. ಮ್ಯಾಪಿನ ದನಿ ‘ತುಮಕೂರು’ ಎಂಬುದನ್ನು ‘ಟುಮಕುರು’ ಅನ್ನುವುದಕ್ಕೆ ಕಾರಣವಿದೆ. ದಕ್ಷಿಣದವರು ಇಂಗ್ಲಿಷ್ ಲಿಪಿಯಲ್ಲಿ ತಕಾರಕ್ಕೆ ಟಿ ಜೊತೆ ಎಚ್ ಬರೆಯುತ್ತಾರೆ, ಬರೀ ಟಿ ಎಂದರೆ ಟಕಾರ. ಲತಾ, ಗೀತಾ, ಸವಿತಾ ಹೆಸರುಗಳ ಕಾಗುಣಿತದಲ್ಲಿ ನಮ್ಮಲ್ಲಿ ಎಚ್ ಇರುತ್ತದೆ, ಉತ್ತರದಲ್ಲಿ ಇರುವುದಿಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ತುಮಕೂರಿಗೆ ಎಚ್ ಸಿಗಲಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಚಿಕ್ಕಮಗಳೂರುಗಳ ಕೊನೆಗೆ ಅಧಿಕೃತವಾಗಿ ಬಂದು ಕೂತದ್ದು ಯು ಅಕ್ಷರ, ಬಸ್ಸಿನ ಕೊನೆಗಿರುವ ಅದೇ ಉಕಾರ.